ಮಳಿಗೆಯ ಮೇಲಿನ ಮಾಳಿಗೆ

ದಾವಣಗೆರೆಯ ಚೌಕಿಪೇಟೆಯಲ್ಲಿ, ಎರಡು ಬೀದಿಗಳು ಕೂಡುವ ಒಂದು ಮೂಲೆಯಲ್ಲಿ, ನಮ್ಮ ಅಜ್ಜ ಕಿರಾಣಿ ಅಂಗಡಿ ನಡೆಸುತ್ತಿದ್ದ ಕಟ್ಟಡವಿದೆ. ಕೆಳಗೆ ಮಳಿಗೆ, ಮೇಲೆ ಮೂರು ಸಂಸಾರಗಳು ಬದುಕಿದ ಮನೆ. ಕಳೆದ ದೀಪಾವಳಿಗೆ ಮನೆಮಂದಿಯೆಲ್ಲ ಸೇರಿದಾಗ ಅದನ್ನು ಏನು ಮಾಡುವುದೆಂಬ ಮಾತು ಬಂತು. ಬೀದಿಗೆ ಕಾಣುವ ಮುಂಭಾಗವನ್ನು ಹಾಗೆಯೇ ಉಳಿಸಿಕೊಂಡು, ಹಿಂದಿನದನ್ನೆಲ್ಲ ಕೆಡವಿ ಕಾಂಪ್ಲೆಕ್ಸ್ ಕಟ್ಟಿಸೋಣ ಎಂದು ಚಿಕ್ಕಪ್ಪ ಹೇಳಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಾನು ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲ ಎಂಬುದನ್ನು ಅಂದು ಸರಿಯಾಗಿ ವಿವರಿಸಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಊರು ಬೆಳೆದದ್ದೇ ವ್ಯಾಪಾರದಿಂದ. ಹೈದರಾಲಿ ಇದನ್ನು ಆಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ, ಆತ ವರ್ತಕರನ್ನು ಕರೆದು ನೆಲೆಗೊಳಿಸಿದ. 1880ರ ದಶಕದ ಕೊನೆಗೆ ರೈಲು ಬಂತು. 1930ರ ದಶಕದಲ್ಲಿ ಹತ್ತಿ ಗಿರಣಿಗಳು ಶುರುವಾಗಿ, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ನಮ್ಮ ಅಂಗಡಿ ನಡೆದದ್ದು ಗಿರಣಿಯ ಕೆಲಸಗಾರರಿಂದ. ಎರಡನೆಯ ಪಾಳಿ ಬಿಟ್ಟು ಬರುವವರು ಅಪರಾತ್ರಿಯಲ್ಲಿ ಬಂದು ಬಾಗಿಲು ತಟ್ಟಿದರೂ ಅಜ್ಜ ಕೆಳಗಿಳಿದು ಬಂದು ಅಕ್ಕಿ, ಬೇಳೆ ಅಳೆದು ಕೊಡುತ್ತಿದ್ದರು, ಉದ್ದರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮನೆ ಬೇರೆ ಬಡಾವಣೆಯಲ್ಲಿದ್ದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಮೂಲೆಯ ಅಂಗಡಿಯೆಂದರೆ ಬರೀ ಎರಡು ಕಡೆ ಬಾಗಿಲಿರುವ ಅಂಗಡಿಯಲ್ಲ. ಗೋಡೆಗಳು ಸಂಧಿಸುವ ಕಡೆ ಚೂಪು ಮೂಲೆ ಬಿಡದೆ ಓರೆಯಾಗಿ ಕತ್ತರಿಸಿ, ಅಲ್ಲಿ ಅಗಲವಾದ ಬಾಗಿಲು ಇಟ್ಟಿದ್ದಾರೆ. ಗಲ್ಲಾ ಪೆಟ್ಟಿಗೆಯ ಮುಂದೆ ಕೂತವರಿಗೆ ಎರಡೂ ಬೀದಿಗಳು ದೂರದವರೆಗೆ ಕಾಣುತ್ತವೆ. ತಿರುಗುವ ಎತ್ತಿನ ಗಾಡಿಯ ಅಚ್ಚು ಗೋಡೆಗೆ ತಾಗದಿರಲಿ ಎಂದು ಬುಡದಲ್ಲಿ ಒಂದು ಗುಂಡುಕಲ್ಲನ್ನು ಹೂಳಿದ್ದಾರೆ. ಬಾಗಿಲಿಗೆ ಶಟರ್ ಇಲ್ಲ. ಹನ್ನೊಂದು ಹಲಗೆಗಳನ್ನು ಹೊಸ್ತಿಲಿನಲ್ಲಿ ಕೊರೆದ ಸಂದಿಯಲ್ಲಿ ಒಂದೊಂದಾಗಿ ಕೂರಿಸಿ, ಕೊನೆಯದಕ್ಕೆ ಚಿಲಕ ಹಾಕಬೇಕು. ಪ್ರತಿ ಹಲಗೆಯ ತಲೆಯ ಮೇಲೂ ಉಳಿಯಿಂದ ಕೊರೆದ ಕನ್ನಡದ ಅಂಕಿಯಿದೆ. ಕ್ರಮ ತಪ್ಪಿದರೆ ಯಾವ ಹಲಗೆಯೂ ಕೂರುವುದಿಲ್ಲ.

ಮೇಲಿನ ಮನೆಗೆ ಹೋಗುವ ಮೆಟ್ಟಿಲು ಅಂಗಡಿಯೊಳಗಿಂದಲ್ಲ, ಪಕ್ಕದ ಓಣಿಯಿಂದ. ಅಂಗಡಿಗೆ ಬರುವವರ ಕಣ್ಣಿಗೆ ಬೀಳದೆ ಮನೆಯವರು ಓಡಾಡಲೆಂದು ಮಾಡಿದ ಏರ್ಪಾಡು ಇದು. ಹಾಗೆಂದು ಮನೆಗೂ ಅಂಗಡಿಗೂ ಸಂಬಂಧ ತಪ್ಪಿರಲಿಲ್ಲ. ನಡುಮನೆಯ ನೆಲದಲ್ಲಿ, ಸರಿಯಾಗಿ ಗಲ್ಲಾ ಪೆಟ್ಟಿಗೆಯ ಮೇಲೆ ಬರುವಂತೆ, ಒಂದು ಮೊಳ ಚೌಕದ ಕಿಂಡಿಯಿದೆ. ಅದಕ್ಕೆ ಸಾಗುವಾನಿಯ ಮುಚ್ಚಳ, ಮುಚ್ಚಳಕ್ಕೆ ಹಿತ್ತಾಳೆಯ ಬಳೆ. ಮಧ್ಯಾಹ್ನ ಅಜ್ಜಿ ಅದನ್ನು ತೆಗೆದು, ಬುಟ್ಟಿಗೆ ಹಗ್ಗ ಕಟ್ಟಿ ಅಜ್ಜನಿಗೆ ರೊಟ್ಟಿಯ ಗಂಟನ್ನು ಇಳಿಬಿಡುತ್ತಿದ್ದರು. ರಾತ್ರಿ ಅದೇ ಬುಟ್ಟಿಯಲ್ಲಿ ಆ ದಿನದ ಗಲ್ಲಾ ಹಣವೂ ಉದ್ದರಿ ಪುಸ್ತಕವೂ ಮೇಲೆ ಬರುತ್ತಿದ್ದವು. ಪುಸ್ತಕದ ಲೆಕ್ಕವನ್ನು ಕೂಡುತ್ತಿದ್ದವರು ಅಜ್ಜಿ. ಯಾರಿಗೆ ಎಷ್ಟು ಬಾಕಿ, ಯಾರನ್ನು ಈ ತಿಂಗಳು ಕೇಳಬಾರದು ಎಂಬ ನಿರ್ಧಾರ ಅವರದೇ ಆಗಿತ್ತು. ಮುಂಭಾಗವನ್ನಷ್ಟೇ ಉಳಿಸಿದರೆ ಈ ಕಿಂಡಿ ಹೋಗುತ್ತದೆ. ಕಿಂಡಿ ಹೋದರೆ, ಆ ಅಂಗಡಿಯನ್ನು ಇಬ್ಬರು ಸೇರಿ ನಡೆಸಿದರು ಎನ್ನುವುದಕ್ಕೆ ಕಟ್ಟಡದಲ್ಲಿ ಬೇರೆ ಗುರುತಿಲ್ಲ.

ಹಿಂಭಾಗದ ಚಾವಣಿ ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆ: ತೊಲೆ, ಅದರ ಮೇಲೆ ಜಂತೆ, ಮೇಲೆ ಕರಲುಮಣ್ಣು. ಮುಂಭಾಗದ್ದು ಮದ್ರಾಸ್ ತಾರಸಿ. ಒಂದಂಗುಲ ದಪ್ಪದ ಸಣ್ಣ ಇಟ್ಟಿಗೆಗಳನ್ನು ಸಾಗುವಾನಿ ತೊಲೆಗಳ ಮೇಲೆ ಓರೆಸಾಲಿನಲ್ಲಿ, ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕಟ್ಟುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಬೆರೆಸಿ ಹರವಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತಾ ದಿನಗಟ್ಟಲೆ ಮರದ ಕೊಡತಿಯಿಂದ ಬಡಿಯುತ್ತಾರೆ. ಸುಣ್ಣವು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ವರ್ಷವರ್ಷಕ್ಕೆ ಮತ್ತೆ ಸುಣ್ಣದ ಕಲ್ಲಾಗುತ್ತಾ ಹೋಗುತ್ತದೆ. ಏಪ್ರಿಲ್ ತಿಂಗಳ ನಮ್ಮೂರ ಬಿಸಿಲಿನಲ್ಲಿಯೂ ಆ ಕೋಣೆಯಲ್ಲಿ ಮಧ್ಯಾಹ್ನ ಮಲಗಬಹುದು. ಪಕ್ಕದ ಆರ್‌ಸಿಸಿ ಮನೆಯಲ್ಲಿ ಅದು ಆಗದ ಮಾತು.

ಕಟ್ಟಡ ಕೆಟ್ಟದ್ದು ವಯಸ್ಸಿನಿಂದಲ್ಲ, ನಮ್ಮಿಂದಲೇ. ಮೂವತ್ತು ವರ್ಷಗಳ ಹಿಂದೆ, ಗೋಡೆಯ ಗಾರೆ ಉದುರುತ್ತಿದೆಯೆಂದು ನಮ್ಮ ತಂದೆ ಸಿಮೆಂಟ್ ಪ್ಲಾಸ್ಟರ್ ಹಾಕಿಸಿದರು. ಸುಣ್ಣದ ಗೋಡೆ ತನ್ನೊಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಅದನ್ನು ತಡೆಯುತ್ತದೆ. ಅಷ್ಟರಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತಾ ಹೋಗಿ, ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಅಂಗಡಿಗೆ ಈಗ ಇಳಿದು ಹೋಗಬೇಕಾಗಿದೆ. ಮಳೆನೀರು ನೇರವಾಗಿ ಹೊಸ್ತಿಲಿಗೆ ಬರುತ್ತದೆ. ಸಿಕ್ಕಿಕೊಂಡ ತೇವ ಗೋಡೆಯಲ್ಲಿ ಏರಿ, ತೊಲೆಗಳ ತುದಿ ಗೋಡೆಯೊಳಗೆ ಕೂರುವ ಕಡೆ ಮರವನ್ನು ಕೊಳೆಸಿತು. ಇದನ್ನು ಬರೆಯುವಾಗ ತಂದೆಯವರ ಮೇಲೆ ನನಗೆ ಕೋಪವಿಲ್ಲ. ಆಗ ಎಲ್ಲರೂ ಹಾಗೆಯೇ ಮಾಡಿಸುತ್ತಿದ್ದರು.

ಕಾನೂನಿನ ಆಸರೆಯೂ ಇಂಥ ಕಟ್ಟಡಕ್ಕೆ ಸಿಗುವುದು ಕಷ್ಟ. ಪಕ್ಕದ ಚಿತ್ರದುರ್ಗದ ಕೋಟೆ ಕೇಂದ್ರದ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಅಂಥ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಅಂಥ ರಕ್ಷಣೆಯಿಲ್ಲದ ಪೇಟೆಯ ಅಂಗಡಿಮನೆಯನ್ನು ಕಾಯಬೇಕಾದವರು ಅದರ ಮಾಲೀಕರೇ.

ಸಂಕ್ರಾಂತಿಯ ನಂತರ, ಸುಣ್ಣದ ಕೆಲಸ ಬಲ್ಲ ಒಬ್ಬ ಹಿರಿಯ ಗಾರೆಯವರನ್ನು ಕರೆತಂದು ತೋರಿಸಿದೆ. ಅವರು ಸಿಮೆಂಟ್ ಕೆತ್ತಿ, ತೊಲೆಗೆ ಉಳಿ ಚುಚ್ಚುತ್ತಾ ಬಂದು, "ತುದಿ ಒಂದೂವರೆ ಅಡಿ ಅಷ್ಟೇ ಹೋಗೇತಿ ಸಾರ್, ನಡುವೆ ಕಬ್ಬಿಣ ಇದ್ದಂಗೈತಿ" ಎಂದರು. ಕೆಟ್ಟ ತುದಿಯನ್ನಷ್ಟೇ ಕತ್ತರಿಸಿ ಹೊಸ ಸಾಗುವಾನಿಯನ್ನು ಜೋಡಿಸಿ ಬೋಲ್ಟ್ ಬಿಗಿಯಬಹುದು, ಇಡೀ ತಾರಸಿ ಇಳಿಸಬೇಕಿಲ್ಲ ಎಂಬುದು ಅವರ ಅಭಿಪ್ರಾಯ. ಚಿಕ್ಕಪ್ಪ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು, ತಾವೂ ಉಳಿ ಇಸಿದುಕೊಂಡು ಒಂದು ಕಡೆ ಚುಚ್ಚಿ ನೋಡಿದರು. ಮೊದಲು ನಡುಮನೆಯ ನೆಲ ಹೊತ್ತಿರುವ ಐದು ತೊಲೆಗಳನ್ನು ಸರಿಪಡಿಸೋಣ, ಉಳಿದ ಮಾತು ಆಮೇಲೆ ಎಂದು ಅವರೇ ಹೇಳಿದ್ದಾರೆ. ಹಿತ್ತಲಿನ ಹೊಂಡದಲ್ಲಿ ಸುಣ್ಣ ನೆನೆಯುತ್ತಿದೆ. ಮುಂಗಾರಿಗೆ ಮೊದಲು ಕೆಲಸ ಮುಗಿಯಬೇಕು.