ವಿಮಾನದ ಊಟ ಆರಿಸುವ ಮುಂಚೆ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಟಿಕೆಟ್ ಮಾಡಿಸುವಾಗ ಊಟ ಯಾವುದು ಅಂತ ಕೇಳುತ್ತಾರೆ. ನೀವು ಆರಿಸಿದ್ದು ನಾಲ್ಕಕ್ಷರದ ಕೋಡ್ ಆಗಿ ಪಿಎನ್‌ಆರ್ ದಾಖಲೆಗೆ, ಅಂದರೆ ನಿಮ್ಮ ಬುಕಿಂಗ್ ವಿವರವೆಲ್ಲ ಇರುವ ದಾಖಲೆಗೆ, ಸೇರುತ್ತದೆ. ಎಚ್‌ಎನ್‌ಎಂಎಲ್ ಹಿಂದೂ ಊಟ, ಎಂಒಎಂಎಲ್ ಮುಸ್ಲಿಂ ಊಟ, ವಿಜೆಎಂಎಲ್ ಜೈನ ಊಟ, ಡಿಬಿಎಂಎಲ್ ಸಕ್ಕರೆ ಕಾಯಿಲೆಯವರ ಊಟ. ಧರ್ಮ, ಕಾಯಿಲೆ ಅಂತ ಎಲ್ಲೂ ಬರೆಯದೆಯೇ ಎರಡನ್ನೂ ಊಹಿಸಬಹುದು.

ಈ ದಾಖಲೆ ವಿಮಾನ ಕಂಪನಿಯಲ್ಲೇ ಉಳಿಯುವುದಿಲ್ಲ. ಭಾರತಕ್ಕೆ ಬರುವ, ಇಲ್ಲಿಂದ ಹೋಗುವ ಅಂತರರಾಷ್ಟ್ರೀಯ ಪ್ರಯಾಣಿಕರ ಪಿಎನ್‌ಆರ್ ವಿವರವನ್ನು ವಿಮಾನ ಹೊರಡುವ 24 ಗಂಟೆ ಮೊದಲೇ ಕಸ್ಟಮ್ಸ್‌ಗೆ ಕಳಿಸಬೇಕು ಎನ್ನುತ್ತದೆ 2022ರ ಆಗಸ್ಟ್‌ನಲ್ಲಿ ಬಂದ ನಿಯಮ. ಅಲ್ಲಿ ಅದು 5 ವರ್ಷ ಇರುತ್ತದೆ. ಕಳಿಸದ ಕಂಪನಿಗೆ ಪ್ರತಿ ತಪ್ಪಿಗೂ 25,000ದಿಂದ 50,000 ರೂಪಾಯಿ ದಂಡ. ಯುರೋಪ್ ಒಕ್ಕೂಟದ 2016ರ ನಿರ್ದೇಶನದಲ್ಲೂ ಅವಧಿ 5 ವರ್ಷವೇ, ಆದರೆ 6 ತಿಂಗಳಾದ ಮೇಲೆ ಹೆಸರು, ವಿಳಾಸ ಮರೆಮಾಚಬೇಕು.

ಧರ್ಮ, ಆರೋಗ್ಯ ಬಯಲು ಮಾಡುವ ಮಾಹಿತಿಯನ್ನು ಬಳಸಬಾರದು ಅಂತ ನಮ್ಮ ನಿಯಮವೇ ಹೇಳುತ್ತದೆ. ಆದರೆ ಕಳಿಸಬೇಕಾದ ವಿವರಗಳ ಪಟ್ಟಿಯಲ್ಲಿ ವಿಶೇಷ ಸೇವೆಯ ಕೋರಿಕೆಗಳೂ ಇವೆ, ಊಟದ ಕೋಡ್ ಕೂರುವುದು ಅಲ್ಲಿಯೇ. ಕಳಿಸುವ ಮೊದಲೇ ಅದನ್ನು ತೆಗೆಯಬೇಕು ಅಂತ ಬರೆದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಕಂಪನಿ ಕಸ್ಟಮ್ಸ್‌ಗೆ ಕೊಡುವುದು ತನ್ನ ವ್ಯವಹಾರಕ್ಕಾಗಿ ಈಗಾಗಲೇ ಪಡೆದಿರುವ ಮಾಹಿತಿಯನ್ನು ಮಾತ್ರ. ನೀವು ಹೇಳದ್ದು ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ಸಸ್ಯಾಹಾರ ಬೇಕಿದ್ದರೆ ವಿಜಿಎಂಎಲ್ ಆರಿಸಬಹುದು. ಅದರಲ್ಲಿ ಹಾಲು, ಮೊಸರು ಇರುವುದಿಲ್ಲ, ಧರ್ಮದ ಹೆಸರೂ ಇರುವುದಿಲ್ಲ. ಮೊದಲು ಒಂದು ಆರಿಸಿ ಆಮೇಲೆ ಬದಲಿಸಿದರೆ ಪ್ರಯೋಜನ ಕಡಿಮೆ, ಏಕೆಂದರೆ ಬದಲಾವಣೆಗಳ ಇತಿಹಾಸವೂ ಆ ಪಟ್ಟಿಯಲ್ಲಿದೆ. ಸಕ್ಕರೆ ಕಾಯಿಲೆಯವರ ಊಟ, ಗಾಲಿಕುರ್ಚಿ ಮಾತ್ರ ಬೇಕಿದ್ದರೆ ಕೇಳಿಯೇ ಕೇಳಿ. ಗೋಪ್ಯತೆಗಾಗಿ ಆರೋಗ್ಯ ಕೆಡಿಸಿಕೊಳ್ಳಬೇಡಿ.

ಏಜೆಂಟರ ಹತ್ತಿರ ಬುಕ್ ಮಾಡಿಸಿದರೆ ಇನ್ನೊಂದು ತೊಡಕು. ಕೆಲವರು ಎಲ್ಲ ಗ್ರಾಹಕರ ಟಿಕೆಟ್‌ಗೂ ತಮ್ಮದೇ ಫೋನ್ ನಂಬರ್ ಹಾಕುತ್ತಾರೆ. ಆಗ ವಿಮಾನ ತಡವಾದರೆ ಮೆಸೇಜ್ ನಿಮಗೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗುರುತೇ ಇಲ್ಲದ ಹತ್ತಾರು ಜನರ ದಾಖಲೆಯಲ್ಲಿರುವ ನಂಬರೇ ನಿಮ್ಮ ದಾಖಲೆಯಲ್ಲೂ ಇರುತ್ತದೆ. ಟಿಕೆಟ್ ಕೈಗೆ ಬಂದ ದಿನವೇ ಕಂಪನಿಯ ವೆಬ್‌ಸೈಟಿನಲ್ಲಿ ಆರಕ್ಷರದ ಪಿಎನ್‌ಆರ್ ಮತ್ತು ಸರ್‌ನೇಮ್ ಹಾಕಿ ಬುಕಿಂಗ್ ತೆರೆಯಿರಿ. ಫೋನ್, ಇಮೇಲ್, ಊಟ, ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು, ಇಷ್ಟನ್ನು ನೋಡಿ. ಇನಿಷಿಯಲ್ ಬಿಡಿಸಿ ಬರೆದಿದ್ದಾರೋ ಇಲ್ಲವೋ ಅನ್ನುವುದರಲ್ಲೇ ನಮ್ಮ ಕಡೆಯ ಹೆಸರುಗಳು ಎಡವುವುದು ಜಾಸ್ತಿ.

ಎಷ್ಟೋ ಕಂಪನಿಗಳಲ್ಲಿ ಬುಕಿಂಗ್ ತೆರೆಯಲು ಪಿಎನ್‌ಆರ್, ಸರ್‌ನೇಮ್ ಎರಡೇ ಸಾಕು, ಯಾರು ಹಾಕಿದರೂ ತೆರೆಯುತ್ತದೆ. ಎರಡೂ ಬೋರ್ಡಿಂಗ್ ಪಾಸ್ ಮೇಲೆ ಅಚ್ಚಾಗಿರುತ್ತವೆ, ಬಾರ್‌ಕೋಡ್ ಒಳಗೂ ಇರುತ್ತವೆ. ಅದರ ಫೋಟೋವನ್ನು ಸ್ಟೇಟಸ್‌ಗೆ ಹಾಕಬೇಡಿ.