ಎಇ ಟೆಸ್ಟ್‌ಗೆ ಯಾರನ್ನು ಕರೆಸೋದು?

ಅಕೌಸ್ಟಿಕ್ ಎಮಿಷನ್ (ಎಇ) ಟೆಸ್ಟ್‌ಗೆ, ಅಂದರೆ ಬಿರುಕಿನ ಸದ್ದು ಕೇಳಿ ದೋಷ ಹುಡುಕುವ ಪರೀಕ್ಷೆಗೆ, ಕೊಟೇಶನ್ ಕೇಳಿದರೆ ಒಂದೂ ಪ್ರಶ್ನೆ ಕೇಳದೆ ರೇಟು ಕಳಿಸುವವರನ್ನು ನಾನು ಅಲ್ಲಿಗೇ ಬಿಡುತ್ತೇನೆ. ತುಮಕೂರಿನ ಅಂತರಸನಹಳ್ಳಿಯ ನಮ್ಮ ಕಾರ್ಖಾನೆಯ ದೊಡ್ಡ ಏರ್ ರಿಸೀವರ್‌ಗೆ (ಕಂಪ್ರೆಸರ್ ಒತ್ತಿದ ಗಾಳಿ ತುಂಬಿಡುವ ಟ್ಯಾಂಕ್) ಜನ ಹುಡುಕಿದಾಗ ಸಿಕ್ಕಿದವರು ಹೆಚ್ಚಿನವರು ಇಂಥವರೇ. ಅಳತೆ ಕೇಳಿದರು, ರೇಟು ಹೇಳಿದರು, ಮುಗಿಯಿತು.

ಒಬ್ಬರು ಮಾತ್ರ ಮೊದಲು ಕೇಳಿದ್ದು, "ಹೋದ ಒಂದು ವರ್ಷದಲ್ಲಿ ಇದು ಅತಿ ಜಾಸ್ತಿ ಅಂದ್ರೆ ಎಷ್ಟು ಪ್ರೆಶರ್ ಕಂಡಿದೆ ಸಾರ್?" ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಇದು. ಅಲ್ಟ್ರಾಸಾನಿಕ್ ಟೆಸ್ಟ್‌ನಲ್ಲಿ ನಾವೇ ಶಬ್ದದ ಅಲೆ ಕಳಿಸಿ ಬಿರುಕು ಹುಡುಕುತ್ತೇವೆ. ಎಇಯಲ್ಲಿ ಕಳಿಸುವುದು ಏನೂ ಇಲ್ಲ, ಒತ್ತಡ ಏರಿದಾಗ ಬೆಳೆಯುವ ಬಿರುಕು ತಾನೇ ಹೊರಡಿಸುವ ಸದ್ದನ್ನು ಸೆನ್ಸರ್ ಹಿಡಿಯುತ್ತದೆ. ಒಮ್ಮೆ ತಡೆದುಕೊಂಡ ಒತ್ತಡದವರೆಗೆ ಲೋಹ ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಅದನ್ನು ದಾಟಿದ ಮೇಲೆ ಸದ್ದು ಮಾಡುತ್ತದೆ. ಜರ್ಮನಿಯ ಜೋಸೆಫ್ ಕೈಸರ್ 1950ರಲ್ಲೇ ಇದನ್ನು ತೋರಿಸಿದ್ದರು. ಹಾಗಾಗಿ ದಿನಾ 7 ಬಾರ್‌ನಲ್ಲಿ ಓಡುವ ರಿಸೀವರನ್ನು 7 ಬಾರ್‌ಗೇ ಏರಿಸಿ ಸದ್ದಿಲ್ಲ ಅಂದರೆ ಅದರಿಂದ ಗೊತ್ತಾಗುವುದು ಬಹಳ ಕಡಿಮೆ, ದುಡ್ಡು ಮಾತ್ರ ಪೂರ್ತಿ ಹೋಗುತ್ತದೆ! ಸಾಮಾನ್ಯವಾಗಿ ಶೇಕಡಾ 10ರಷ್ಟಾದರೂ ಮೇಲೆ ಹೋಗಬೇಕು. ಅದಕ್ಕೆ ಡಿಸೈನ್ ಪ್ರೆಶರ್ ಒಪ್ಪುತ್ತದಾ, ಸೇಫ್ಟಿ ವಾಲ್ವ್ ಎಷ್ಟಕ್ಕೆ ಸೆಟ್ ಆಗಿದೆ ಅಂತಲೂ ಅವರೇ ಕೇಳಿದರು.

ಸರ್ಟಿಫಿಕೇಟ್ ವಿಷಯ. ಪರೀಕ್ಷೆ ಮಾಡುವವರ ಅರ್ಹತೆಗೆ ಹಂತಗಳಿವೆ; "ಲೆವೆಲ್ 2 ಇದೆ" ಅಂದರೆ ಸಾಲದು, ಯಾವುದರಲ್ಲಿ ಅಂತ ನೋಡಿ. ಅಲ್ಟ್ರಾಸಾನಿಕ್ ಲೆವೆಲ್ 2 ಇದ್ದರೆ ಎಇ ಬರುತ್ತದೆ ಅಂತೇನಿಲ್ಲ. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಲೋಗೋ ಹಾಕಿಕೊಂಡವರ ಸ್ಕೋಪ್‌ನಲ್ಲಿ (ಮಾನ್ಯತೆ ಸಿಕ್ಕ ಟೆಸ್ಟ್‌ಗಳ ಪಟ್ಟಿ) ಎಇ ಇದೆಯೋ ಇಲ್ಲವೋ ಆನ್‌ಲೈನ್‌ನಲ್ಲೇ ನೋಡಬಹುದು.

ಸೈಟ್‌ಗೆ ಬಂದ ದಿನ ಪೆನ್ಸಿಲ್ ಕಡ್ಡಿ ಮುರಿಯುವುದನ್ನು ಕಣ್ಣಾರೆ ನೋಡಿ. ತಮಾಷೆ ಅಲ್ಲ, ಮೆಕ್ಯಾನಿಕಲ್ ಪೆನ್ಸಿಲ್‌ನ 0.5 ಅಥವಾ 0.3 ಮಿ.ಮೀ. ಕಡ್ಡಿಯನ್ನು ಸೆನ್ಸರ್ ಪಕ್ಕ ಮುರಿದು ಅದು ಸರಿಯಾಗಿ ಕೇಳಿಸಿಕೊಳ್ಳುತ್ತದಾ ಅಂತ ಪರೀಕ್ಷಿಸುತ್ತಾರೆ. ಟೆಸ್ಟ್‌ಗೆ ಮೊದಲೂ ಮಾಡಬೇಕು, ಆಮೇಲೂ ಮಾಡಬೇಕು. ಸೆನ್ಸರ್ ನಡುವಿನ ದೂರವನ್ನೂ ಹಾಗೇ ಆ ಟ್ಯಾಂಕಿನ ಮೇಲೇ ಸದ್ದು ಎಷ್ಟು ದೂರಕ್ಕೆ ಕುಗ್ಗುತ್ತದೆ ಅಂತ ಅಳೆದು ಗೊತ್ತು ಮಾಡುತ್ತಾರೆ. ಫೋನಲ್ಲೇ "ನಾಲ್ಕು ಸಾಕು" ಅನ್ನುವವರ ಹತ್ತಿರ ಹುಷಾರು.

ಬಿರುಕು ಎಷ್ಟು ಆಳ ಅಂತ ಎಇ ಹೇಳುವುದಿಲ್ಲ, ಸುಮಾರು ಎಲ್ಲಿ ಅಂತ ಹೇಳುತ್ತದೆ. ಆ ಜಾಗಕ್ಕೆ ಆಮೇಲೆ ಅಲ್ಟ್ರಾಸಾನಿಕ್ ಯಾರು ಮಾಡುತ್ತಾರೆ, ಅದು ಈ ರೇಟಿನಲ್ಲೇ ಸೇರಿದೆಯಾ? ಬೆಳೆಯದೆ ಕೂತ ದೋಷ ಸದ್ದೇ ಮಾಡದೆ ಇರಬಹುದು, ಆದ್ದರಿಂದ "ದೋಷವೇ ಇಲ್ಲ" ಅಂತ ಬರೆಯುವವರ ರಿಪೋರ್ಟ್ ನನಗೆ ಬೇಡ.

ಕಂಪ್ರೆಸರ್ ಅದುರುವಿಕೆ ಪೈಪ್ ಮೂಲಕ ಬಂದರೂ ಸೆನ್ಸರ್‌ಗೆ ಅದು ಸದ್ದೇ, ಮಳೆ ಹನಿ ಬಿದ್ದರೂ ಸದ್ದೇ. ನಮ್ಮ ರಿಸೀವರ್ ಬಯಲಲ್ಲಿದೆ. ಮಳೆಗೆ ಕೆಲಸ ನಿಂತರೆ ಆ ದಿನದ ಚಾರ್ಜು ಯಾರದು ಅಂತ ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿದೆವು, ಅಕ್ಟೋಬರ್‌ನಲ್ಲಿ ತುಮಕೂರಿನ ಮಧ್ಯಾಹ್ನಗಳನ್ನು ನಂಬುವ ಹಾಗಿಲ್ಲ, ಅಲ್ವಾ?