ಐದು ವರ್ಷದೊಳಗೆ ಎಲ್ಲಾ ಮುಗಿದುಹೋಗುತ್ತಾ?

ನಾನು ಮನಶ್ಶಾಸ್ತ್ರ ಪಾಠ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬರುತ್ತದೆ. 'ಮನುಷ್ಯನ ಸ್ವಭಾವ ಐದು ವರ್ಷದೊಳಗೇ ಗಟ್ಟಿಯಾಗಿಬಿಡುತ್ತೆ ಅಂತ ಫ್ರಾಯ್ಡ್ ಹೇಳಿದ್ದಾನಂತೆ, ನಿಜಾನಾ?' ಫ್ರಾಯ್ಡ್ ಅಂದರೆ ಮನಸ್ಸಿನ ತೊಂದರೆಗಳಿಗೆ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಿದ್ದ ವಿಯೆನ್ನಾದ ಡಾಕ್ಟರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅಪ್ಪಂದಿರು ಇದನ್ನು ಸುಮ್ನೆ ಕುತೂಹಲಕ್ಕೆ ಕೇಳುತ್ತಾರೆ. ಅಮ್ಮಂದಿರು ದನಿ ತಗ್ಗಿಸಿ ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಫ್ರಾಯ್ಡ್ ಅಲ್ಲ. 'ನಾನು ಮಗುವನ್ನು ಹಾಳು ಮಾಡಿಬಿಟ್ಟೆನಾ?' ಅನ್ನುವುದಕ್ಕೆ ಉತ್ತರ. ನನಗೆ ಸಿಟ್ಟು ಬರುವುದು ಅಲ್ಲೇ. ಒಂದು ಸಿದ್ಧಾಂತವನ್ನು ಅಮ್ಮಂದಿರ ತಲೆಗೆ ಕಟ್ಟಿದವರು ಯಾರು?

ಒಂದು ರಾತ್ರಿ ಗೆಳತಿಯೊಬ್ಬಳು ಫೋನ್ ಮಾಡಿದಳು. ಅವಳ ಮಗ ನಾಲ್ಕೂವರೆ ವರ್ಷದವನು, ಇನ್ನೂ ಹೆಬ್ಬೆರಳು ಚೀಪುತ್ತಾನೆ. 'ಐದಾಗೋಕೆ ಇನ್ನು ಆರೇ ತಿಂಗಳಿದೆ ಕಣೇ. ಅಷ್ಟರೊಳಗೆ ಸರಿ ಮಾಡಬಹುದಾ?' ಅಂದಳು. ಪರೀಕ್ಷೆಗೆ ದಿನ ಎಣಿಸುವವರ ಹಾಗೆ ತಿಂಗಳು ಎಣಿಸುತ್ತಿದ್ದಳು.

ಫ್ರಾಯ್ಡ್ ಹೇಳಿದ್ದು ಇಷ್ಟು. ಮೊದಲ ವರ್ಷ ಮಗುವಿನ ಸುಖವೆಲ್ಲಾ ಬಾಯಲ್ಲಿ. ಆಮೇಲೆ ಮೂರು ವರ್ಷದವರೆಗೆ ಮಲವನ್ನು ಹಿಡಿದಿಟ್ಟುಕೊಳ್ಳುವುದು, ಬಿಡುವುದು. ಮೂರರಿಂದ ಆರರವರೆಗೆ ಗಂಡು ಹೆಣ್ಣಿನ ವ್ಯತ್ಯಾಸದ ಬೆರಗು, ಅಪ್ಪ ಅಮ್ಮನಲ್ಲಿ ಒಬ್ಬರ ಮೇಲೆ ಜಾಸ್ತಿ ಪ್ರೀತಿ, ಇನ್ನೊಬ್ಬರ ಮೇಲೆ ಹೊಟ್ಟೆಕಿಚ್ಚು. ಹರೆಯ ಬರುವವರೆಗೆ ಒಂದಿಷ್ಟು ಶಾಂತಿ. ಯಾವ ಹಂತದಲ್ಲಾದರೂ ಸುಖ ತೀರಾ ಕಡಿಮೆಯಾದರೆ ಅಥವಾ ತೀರಾ ಹೆಚ್ಚಾದರೆ ಮನಸ್ಸಿನ ಒಂದು ಭಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. 1905ರಲ್ಲಿ ಇದನ್ನು ಬರೆಯಲು ಶುರುಮಾಡಿ, ಮುಂದೆ ಸುಮಾರು ಇಪ್ಪತ್ತು ವರ್ಷ ತಿದ್ದುತ್ತಲೇ ಇದ್ದ.

ಆದರೆ ಅವನ ರೋಗಿಗಳು ಹೆಚ್ಚಿನವರು ದೊಡ್ಡವರು. ಅವರ ನೆನಪುಗಳನ್ನು ಹಿಡಿದುಕೊಂಡು ಅವನು ಬಾಲ್ಯಕ್ಕೆ ಹಿಂದೆ ಹಿಂದೆ ನಡೆದ. ಹಾಗೆ ನಡೆದರೆ ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿದ ಹಾಗೆ ಕಾಣುತ್ತದೆ, ಅದೇ ಬಾಲ್ಯದಿಂದ ಮುಂದಕ್ಕೆ ನೋಡಿದರೆ ಹೀಗೇ ಆಗಬೇಕಿತ್ತು ಅಂತ ಅನಿಸುವುದಿಲ್ಲ. ಇದು ನನ್ನ ಮಾತಲ್ಲ. 1920ರಲ್ಲಿ ಫ್ರಾಯ್ಡನೇ ಬರೆದದ್ದು. ಐದು ವರ್ಷದ ಗಡುವನ್ನು ಊರೆಲ್ಲಾ ಹೇಳುವವರು ಈ ಮಾತನ್ನು ಮಾತ್ರ ಯಾಕೆ ಬಿಡುತ್ತಾರೋ!

ಆಮೇಲೆ ಬಂದವರೂ ಸುಮ್ಮನಿರಲಿಲ್ಲ. ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞ 1950ರಲ್ಲಿ ಇಡೀ ಬದುಕಿಗೆ ಎಂಟು ಹಂತ ಹೇಳಿದ, ಕೊನೆಯದು ಮುಪ್ಪು. ಮಕ್ಕಳ ಡಾಕ್ಟರಾಗಿದ್ದ ವಿನಿಕಾಟ್, ತಾಯಿ ಕುಂದಿಲ್ಲದವಳಾಗಿರಬೇಕಿಲ್ಲ, ತಕ್ಕಮಟ್ಟಿಗೆ ಒಳ್ಳೆಯವಳಾಗಿದ್ದರೆ ಸಾಕು ಅಂದ. ಮಗು ಬೆಳೆದ ಹಾಗೆ ಅವಳು ಅಲ್ಲಿ ಇಲ್ಲಿ ತಡಮಾಡುವುದು, ತಪ್ಪುವುದೂ ಮಗುವಿಗೆ ಬೇಕು ಅಂದ. ಈ ಮಾತನ್ನು ಪ್ರತಿ ಅಮ್ಮನ ಕೈಹಿಡಿದು ಹೇಳಬೇಕು ಅನಿಸುತ್ತದೆ ನನಗೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ತನಗೆ ಆದದ್ದನ್ನು ಇಟ್ಟುಕೊಂಡು ಮಗು ಏನು ಮಾಡುತ್ತದೆ? ಅದೇ 1920ರಲ್ಲಿ ಫ್ರಾಯ್ಡ್ ತನ್ನ ಮೊಮ್ಮಗನ ಆಟವೊಂದನ್ನು ಬರೆದ. ಒಂದೂವರೆ ವರ್ಷದ ಕೂಸು. ದಾರ ಕಟ್ಟಿದ ಮರದ ರೀಲನ್ನು ಪರದೆ ಕಟ್ಟಿದ ತನ್ನ ಮಂಚದೊಳಕ್ಕೆ ಎಸೆದು 'ಓ...' ಅಂತ ರಾಗ ಎಳೆಯುತ್ತಿತ್ತು. ಹೋಯಿತು ಅನ್ನುವುದಕ್ಕೆ ಜರ್ಮನ್‌ನಲ್ಲಿರುವ 'ಫೋರ್ಟ್' ಅನ್ನುವ ಮಾತು ಕೂಸಿನ ಬಾಯಲ್ಲಿ ಹಾಗಾಗಿತ್ತು. ದಾರ ಜಗ್ಗಿ ರೀಲು ಕಂಡಾಗ ಖುಷಿಯಿಂದ 'ದಾ!', ಅಂದರೆ 'ಇಲ್ಲಿದೆ!' ಅನ್ನುತ್ತಿತ್ತು. ಅಮ್ಮ ಹೊರಗೆ ಹೋದರೆ ಅಳುತ್ತಿರಲಿಲ್ಲ. ಅಮ್ಮ ಹೋಗುವುದು ಅದರ ಕೈಯಲ್ಲಿರಲಿಲ್ಲ, ರೀಲು ಅದರ ಕೈಯಲ್ಲಿತ್ತು. ಹಂತಗಳ ಪಟ್ಟಿಗಿಂತ ನನಗೆ ಈ ದಾರದ ಮೇಲೇ ನಂಬಿಕೆ ಜಾಸ್ತಿ.

ಗೆಳತಿಗೆ ಆ ರಾತ್ರಿ ಇದನ್ನೇ ಹೇಳಿ, 'ನೀನು ಕೆಲಸಕ್ಕೆ ಹೊರಟಾಗ ಅವನು ಏನು ಮಾಡ್ತಾನೆ?' ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

'ನನ್ನ ಒಂದು ಚಪ್ಪಲಿ ಬಚ್ಚಿಡ್ತಾನೆ. ನಾನು ಹುಡುಕೋಕೆ ಶುರು ಮಾಡಿದ ಮೇಲೆ ತಾನೇ ತಂದು ಕಾಲ ಹತ್ರ ಇಡ್ತಾನೆ.'

'ಚಪ್ಪಲಿ ತರುವಾಗ ಬೆರಳು ಬಾಯಲ್ಲಿರುತ್ತಾ?'

'ಇಲ್ಲ,' ಅಂದಳು. 'ಎರಡೂ ಕೈಯಲ್ಲಿ ಹಿಡ್ಕೊಂಡು ಬರ್ತಾನೆ.'